ಚಳಿಗಾಲದಲ್ಲಿ ನಿಂಬೆ, ಕಿತ್ತಳೆ ಗಿಡ ಹಳದಿ ತಿರುಗಿ ಎಲೆ ಉದುರಿಸುತ್ತಿದೆ: ಏನು ಕೊಡಬೇಕು?

ಹಳದಿಎಲೆ

ಕುಂಡದಲ್ಲಿರುವ ಕಸಿ ಗಜನಿಂಬೆ. ಎರಡು ವರ್ಷದ ಗಿಡ, ಎತ್ತರ ಸುಮಾರು 70 ಸೆಂ.ಮೀ. ಕುಂಡದ ಬಾಯಿ 45 ಸೆಂ.ಮೀ., ಪಿಂಗಾಣಿಯದ್ದು. ತಳದಲ್ಲಿ ನಾಲ್ಕು ಬೆರಳು ಜಲ್ಲಿ, ಕುಂಡದ ಕೆಳಗೊಂದು ತಟ್ಟೆ. ಈಗ ಹಗಲು 16–18 ಡಿಗ್ರಿ, ರಾತ್ರಿ 4–6. ಹಿಮ ಬಿದ್ದಿಲ್ಲ. ಮೂರು ವಾರದಿಂದ ತುದಿಯ ಎಲೆಗಳು ಹಳದಿ, ನರ ಮಾತ್ರ ಹಸಿರು. ಬಿಸಿಲು ಬೀಳುವ ಮಗ್ಗುಲಲ್ಲಿ ಎಲೆ ಉದುರುತ್ತಿದೆ, ನೆರಳಿನ ಮಗ್ಗುಲು ತುಂಬಿಕೊಂಡೇ ಇದೆ. ಎಪ್ಸಮ್ ಉಪ್ಪು (ಮೆಗ್ನೀಶಿಯಂ ಸಲ್ಫೇಟ್) ಒಂದು ಚಮಚ, ಕಬ್ಬಿಣದ ಚೀಲೇಟ್ (ಗಿಡ ಹೀರುವಂತೆ ಕರಗಿಯೇ ಉಳಿಯುವ ಕಬ್ಬಿಣ) ಎರಡು ಸಲ ಕೊಟ್ಟಾಯಿತು. ನೀರು ಎರಡು ದಿನಕ್ಕೊಮ್ಮೆ. ಇನ್ನೇನು ಕೊಡಬೇಕು?

ಬೇರುಬಲ್ಲವ

ಇನ್ನೇನೂ ಕೊಡಬೇಡಿ. ಕೊಟ್ಟಿದ್ದನ್ನೂ ನಿಲ್ಲಿಸಿ.

ಈ ಜಾತಿಯ ಬೇರು 13 ಡಿಗ್ರಿಗಿಂತ ತಂಪಾದ ಮಣ್ಣಿನಲ್ಲಿ ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತದೆ. ಕಬ್ಬಿಣ ಮಣ್ಣಲ್ಲೇ ಇರುತ್ತದೆ, ಎತ್ತಿಕೊಳ್ಳುವವರಿಲ್ಲ. ಅದಕ್ಕೇ ಎಳೆ ಎಲೆ ಹಳದಿ. ನೀವು ಸುರಿದ ಚೀಲೇಟು, ಎಪ್ಸಮ್ ಉಪ್ಪು ಎರಡೂ ಕುಂಡದಲ್ಲಿ ಹಾಗೇ ಕೂತಿವೆ. ಬೇರು ಎಚ್ಚರವಾದಾಗ ಉಪ್ಪಿನ ಸ್ನಾನ ಕಾದಿರುತ್ತದೆ.

ಬಿಸಿಲಿನ ಮಗ್ಗುಲಷ್ಟೇ ಉದುರುವುದಕ್ಕೂ ಇದೇ ಮೂಲ. ಗಾಳಿ 16 ಡಿಗ್ರಿ ಇದ್ದರೂ ನೇರ ಬಿಸಿಲು ಬಿದ್ದ ಎಲೆ ಗಾಳಿಗಿಂತ ಎಷ್ಟೋ ಬಿಸಿಯಾಗುತ್ತದೆ. ಎಲೆ ನೀರು ಕೇಳುತ್ತದೆ, ಕೆಳಗೆ ಬೇರು ಮರಗಟ್ಟಿದೆ, ನೀರು ಬರುವುದಿಲ್ಲ. ಗಿಡ ಆ ಎಲೆಯನ್ನೇ ಕಳಚಿಕೊಳ್ಳುತ್ತದೆ. ಮಣ್ಣು ಹಸಿಯಿದ್ದೂ ಗಿಡ ಬಾಯಾರಿ ನಿಂತಿರುತ್ತದೆ. ಅದನ್ನು ನೋಡಿ ಇನ್ನೊಂದು ಚೊಂಬು ಸುರಿದರೆ ಮಣ್ಣು ಇನ್ನೂ ತಣ್ಣಗಾಗಿ, ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ.

ಎರಡು ವಿಷಯ ನೋಡಿ ಹೇಳಿ. ಒಂದು, ಅಡುಗೆಮನೆಯ ಥರ್ಮಾಮೀಟರನ್ನು ಬೆಳಿಗ್ಗೆ 8ಕ್ಕೆ ಕುಂಡದಲ್ಲಿ 10 ಸೆಂ.ಮೀ. ಆಳಕ್ಕೆ ಚುಚ್ಚಿದರೆ ಎಷ್ಟು ತೋರಿಸುತ್ತದೆ? ಎರಡು, ಎಲೆ ತೊಟ್ಟಿನ ಸಮೇತ ಬೀಳುತ್ತಿದೆಯೋ, ತೊಟ್ಟು ಕೊಂಬೆಯಲ್ಲೇ ಉಳಿದು ಎಲೆ ಮಾತ್ರ ಬೀಳುತ್ತಿದೆಯೋ?

ಹಳದಿಎಲೆ

ಮಣ್ಣು 8 ಡಿಗ್ರಿ. ತೊಟ್ಟುಗಳು ಕೊಂಬೆಯಲ್ಲೇ ಇವೆ, ಮುಟ್ಟಿದರೆ ಉದುರುತ್ತವೆ.

ಬೇರುಬಲ್ಲವ

ಹಾಗಾದರೆ ಅನುಮಾನವೇ ಇಲ್ಲ. ನಿಂಬೆ ಜಾತಿಯ ಎಲೆಗೆ ಕಳಚಿಕೊಳ್ಳುವ ಜಾಗ ಎರಡು: ತೊಟ್ಟು ಕೊಂಬೆಗೆ ಸೇರುವಲ್ಲಿ ಒಂದು, ಎಲೆ ತೊಟ್ಟಿಗೆ ಸೇರುವಲ್ಲಿ ಇನ್ನೊಂದು. ವಯಸ್ಸಾದ ಎಲೆ ತೊಟ್ಟಿನ ಸಮೇತ ಹೋಗುತ್ತದೆ. ತೊಟ್ಟು ಬಿಟ್ಟು ಎಲೆ ಮಾತ್ರ ಬಿದ್ದರೆ ಹೆಚ್ಚಿನ ಸಲ ದಿಢೀರ್ ಆಘಾತ: ನೀರಿನ ಕೊರತೆ, ಉಪ್ಪು, ಚಳಿ.

ಮಾಡಬೇಕಾದ್ದು ಇಷ್ಟು. ತಟ್ಟೆ ತೆಗೆಯಿರಿ. ಕುಂಡವನ್ನು ತಣ್ಣನೆಯ ನೆಲದಿಂದ ಎತ್ತಿ ಮರದ ಪಟ್ಟಿಯ ಮೇಲೋ ಥರ್ಮೋಕೋಲ್ ತುಂಡಿನ ಮೇಲೋ ಇಡಿ, ತಳದ ತೂತು ಮುಚ್ಚದಂತೆ. ಬೆಳಗಿನ ಬಿಸಿಲು ಕುಂಡದ ಮೈಗೆ ಬೀಳಲಿ, ಎಲೆಗೆ ಬಿಳಿ ತೆಳು ಬಟ್ಟೆಯ ನೆರಳಿರಲಿ. ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಎಲೆಗೆ ಬಿಸಿಲು ಬೇಕು ಅಂತ ಕುಂಡವನ್ನು ಗೋಡೆಯ ನೆರಳಿನಲ್ಲಿಟ್ಟು ತಲೆ ಮಾತ್ರ ಹೊರಗೆ ಚಾಚಿರುತ್ತಾರೆ. ನೀರು ಬೆಳಿಗ್ಗೆ 10ರ ಮೇಲೆ, ಮುಟ್ಟಿದರೆ ಉಗುರು ಬೆಚ್ಚಗಿರುವಷ್ಟು, 20–25 ಡಿಗ್ರಿ. ಅದೂ ಮೇಲಿನ 5 ಸೆಂ.ಮೀ. ಒಣಗಿದ ಮೇಲೆ. ಮಣ್ಣು 8 ಡಿಗ್ರಿ ಇರುವಾಗ ಅದು ಹತ್ತು ದಿನಕ್ಕೊಮ್ಮೆಯೂ ಆಗಬಹುದು. ದಿನ ಎಣಿಸಬೇಡಿ, ಕುಂಡ ಎತ್ತಿ ತೂಕ ನೋಡಿ.

ಕುಂಡತೋಟ

ತಳದ ಜಲ್ಲಿಯ ವಿಷಯ ಯಾರೂ ಎತ್ತಲಿಲ್ಲ. ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ನುಣುಪು ಮಣ್ಣಿನಿಂದ ದೊರಗು ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆದು ಭಾರವಾದ ಮೇಲಷ್ಟೇ ಇಳಿಯುತ್ತದೆ. ಪ್ರತಿ ಕುಂಡದ ತಳದಲ್ಲೂ ಒಂದು ಒದ್ದೆ ಪದರ ನಿಲ್ಲುತ್ತದೆ. ಜಲ್ಲಿ ಆ ಪದರವನ್ನು ತೆಗೆಯುವುದಿಲ್ಲ, ನಾಲ್ಕು ಬೆರಳು ಮೇಲಕ್ಕೆ, ಬೇರಿನ ಹತ್ತಿರಕ್ಕೆ ತಂದಿಡುತ್ತದೆ. ತೂತಿನ ಮೇಲೆ ಸೊಳ್ಳೆಪರದೆಯ ತುಂಡು ಸಾಕು.

ಇನ್ನು 70 ಸೆಂ.ಮೀ. ಗಿಡಕ್ಕೆ 45 ಸೆಂ.ಮೀ. ಕುಂಡ ದೊಡ್ಡದಾಯಿತು. ಬೇರು ತುಂಬಿರದ ಮಣ್ಣು ನೀರು ಹಿಡಿದು ಕೂರುತ್ತದೆ, ಕುಡಿಯುವವರಿಲ್ಲ. ಬೇರುಂಡೆಗಿಂತ ಎರಡು ಬೆರಳು ದೊಡ್ಡದು, ಅಂದರೆ ನಿಮ್ಮ ಗಿಡಕ್ಕೆ 28–30 ಸೆಂ.ಮೀ. ಸರಿ. ಎರಡು ವರ್ಷ ಬಿಟ್ಟು 35, ಆಮೇಲೆ 45. ಮುಂದೆ ಕುಂಡ ಬದಲಿಸುವ ಬದಲು ಎರಡು–ಮೂರು ವರ್ಷಕ್ಕೊಮ್ಮೆ ಹೊರಸುತ್ತಿನ ಬೇರನ್ನು 3–4 ಸೆಂ.ಮೀ. ಸವರಿ, ಹೊಸ ಮಿಶ್ರಣ ತುಂಬಿ ಅದೇ ಕುಂಡಕ್ಕೆ ಇಳಿಸಬಹುದು. ಎಷ್ಟು ಬೇರು ಹೋಯಿತೋ ಸುಮಾರು ಅಷ್ಟೇ ಪಾಲು ತಲೆಯನ್ನೂ ಸವರಿ.

ಆದರೆ ಇದ್ಯಾವುದೂ ಈಗ ಬೇಡ. 8 ಡಿಗ್ರಿಯಲ್ಲಿ ಬೇರು ಗಾಯ ಮಾಯುವುದಿಲ್ಲ.

ತಾರಸಿಮಲ್ಲಿ

ಕುಂಡತೋಟ ಅವರೇ, ಮಿಶ್ರಣ ಯಾವುದು? ತೋಟದ ಮಣ್ಣು, ಗೊಬ್ಬರ, ಮರಳು ಸಮಪಾಲು ಹಾಕಿದರೆ ನಡೆಯುವುದಿಲ್ಲವೇ?

ಕುಂಡತೋಟ

ನಡೆಯುತ್ತದೆ ಮೇಡಂ, ಒಂದು ವರ್ಷ. ಆಮೇಲೆ ಗೊಬ್ಬರ ಕರಗಿ, ಮರಳಿನ ಸಂದಿಗೆ ಜೇಡಿ ಸೇರಿ ಇಟ್ಟಿಗೆಯಾಗುತ್ತದೆ. ಸಣ್ಣ ಮರಳು ಗಾಳಿ ತರುವುದಿಲ್ಲ, ತೂಕ ತರುತ್ತದೆ ಅಷ್ಟೇ.

ದೊರಗು ತೊಗಟೆ ಚೂರು (5–10 ಮಿ.ಮೀ.) 5 ಪಾಲು, ಪರ್ಲೈಟ್ (ಉಬ್ಬಿಸಿದ ಹಗುರ ಕಲ್ಲಿನ ಕಾಳು) 1 ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 1 ಪಾಲು ಹಾಕಿದರೆ ನಾಲ್ಕು ವರ್ಷ ಕುಸಿಯುವುದಿಲ್ಲ ಅನ್ನಬಹುದು. ತೊಗಟೆ ಸಿಗದಿದ್ದರೆ ತೆಂಗಿನ ಸಿಪ್ಪೆಯ ಚೂರು 3, ಪರ್ಲೈಟ್ ಅಥವಾ ಪ್ಯೂಮಿಸ್ (ತೂತು ತೂತಾದ ಹಗುರ ಕಲ್ಲು) 2, ಮಾಗಿದ ಎರೆಗೊಬ್ಬರ 1. ಪರೀಕ್ಷೆ ಸುಲಭ: ತುಂಬಿದ ಕುಂಡಕ್ಕೆ 2 ಲೀಟರ್ ಸುರಿದರೆ ಮೇಲೆ ನಿಲ್ಲದೆ ಅರ್ಧ ನಿಮಿಷದೊಳಗೆ ತಳದಿಂದ ಹರಿಯಬೇಕು.

ತೆಂಗಿನ ಚೂರಾಗಲಿ ಕೋಕೋಪೀಟಾಗಲಿ ಹಾಗೇ ಬಳಸಬೇಡಿ. ಅದರಲ್ಲಿ ಸೋಡಿಯಂ, ಪೊಟ್ಯಾಶ್ ಕೂತಿರುತ್ತದೆ. ನಿಂಬೆ ಜಾತಿಗೆ ಉಪ್ಪು ಆಗುವುದೇ ಇಲ್ಲ. ಮೊದಲು ಸಿಹಿನೀರಲ್ಲಿ ಎರಡು ಸಲ ತೊಳೆದು, ಲೀಟರಿಗೆ 2 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬಸಿದು, ಇನ್ನೊಮ್ಮೆ ತೊಳೆಯಿರಿ. ಬರೀ ನೀರಲ್ಲಿ ತೊಳೆದರೆ ಮೇಲಿನ ಉಪ್ಪು ಹೋಗುತ್ತದೆ, ನಾರಿಗೆ ಅಂಟಿದ ಸೋಡಿಯಂ ಹೋಗುವುದಿಲ್ಲ. ಅದನ್ನು ಎಬ್ಬಿಸಲು ಕ್ಯಾಲ್ಸಿಯಮ್ಮೇ ಬೇಕು.

ಕಸಿಕತ್ತಿ

ಹಳದಿಎಲೆ ಸರ್, ಕಸಿಗಂಟು (ಕಸಿ ಕೂಡಿದ ಜಾಗ) ಎಲ್ಲಿದೆ ನೋಡಿದಿರಾ? ಮಣ್ಣಿನಿಂದ 15 ಸೆಂ.ಮೀ. ಮೇಲಿರಬೇಕು. ಗಂಟು ಮುಚ್ಚಿದ್ದರೆ ಕಸಿಯ ತೊಗಟೆ ತೇವಕ್ಕೆ ಸಿಕ್ಕಿ ಬುಡ ಕೊಳೆಯುತ್ತದೆ, ಅಂಟು ಸೋರುತ್ತದೆ. ಮೇಲಿನ ಕಸಿಗೆ ಬುಡ ಕೊಳೆಸುವ ರೋಗಾಣು ಫೈಟೋಫ್ತೊರಾ ತಡೆಯುವ ಶಕ್ತಿ ಸಾಮಾನ್ಯವಾಗಿ ಕಡಿಮೆ. ಆ ತಡೆಗೋಸ್ಕರವೇ ಕೆಳಗೆ ಬೇರೆ ಬೇರುಗಿಡ (ಕಸಿಯನ್ನು ಹೊರುವ ಬುಡದ ಗಿಡ) ಇಟ್ಟಿರುವುದು.

ಗಂಟಿನ ಕೆಳಗಿಂದ ಬಂದ ಚಿಗುರನ್ನು ಕಂಡ ದಿನವೇ ತೆಗೆಯಿರಿ. ಕತ್ತರಿಯಿಂದ ಕತ್ತರಿಸುವುದಕ್ಕಿಂತ ಚಿಗುರು ಎಳೆಯದಾಗಿರುವಾಗಲೇ ಹೆಬ್ಬೆರಳಲ್ಲಿ ಒತ್ತಿ ಕಿತ್ತರೆ ಬುಡದ ಮೊಗ್ಗೂ ಬರುತ್ತದೆ. ಮೂರೆಲೆ ಜಾತಿಯ ಬೇರುಗಿಡವಾದರೆ ಗುರುತು ಸುಲಭ, ಒಂದು ತೊಟ್ಟಿಗೆ ಬಿಲ್ವದ ಹಾಗೆ ಮೂರು ದಳ. ಬೇರುಗಿಡವಾಗಿ ಬಳಸುವ ಒರಟು ನಿಂಬೆ ಜಂಬೇರಿಯಾದರೆ ಎಲೆ ನಿಂಬೆಯದ್ದೇ ಥರ ಇರುತ್ತದೆ, ಅಲ್ಲಿ ಮೋಸ ಹೋಗುತ್ತಾರೆ. "ನಮ್ಮ ಕಿತ್ತಳೆ ಗಿಡ ನಿಂಬೆಯಾಗಿ ಬದಲಾಯಿತು" ಅನ್ನುವವರ ಗಿಡದಲ್ಲಿ ಕಸಿ ಸತ್ತು ಬೇರುಗಿಡ ಹಣ್ಣು ಬಿಟ್ಟಿರುತ್ತದೆ.

ಗುದ್ದಲಿಗೆಳತಿ

ಚಳಿಯಿರುವ ಜಾಗಕ್ಕೆ ಮೂರೆಲೆ ಬೇರುಗಿಡವೇ ಒಳ್ಳೆಯದು ಅಂತ ಎಲ್ಲ ಕಡೆ ಓದಿದ್ದೇನೆ. ನೆಲದಲ್ಲಿ ನೆಡಲು ಕಣ್ಣು ಮುಚ್ಚಿ ಅದನ್ನೇ ಆರಿಸಬಹುದೇ?

ಕಸಿಕತ್ತಿ

ಕಣ್ಣು ಮುಚ್ಚಬೇಡಿ. ಮೂರೆಲೆ ಚಳಿಗೆ ಎಲೆ ಉದುರಿಸಿ ಮಲಗುವ ಜಾತಿ, ಮೇಲಿನ ಕಸಿಯನ್ನೂ ಸ್ವಲ್ಪ ಮಲಗಿಸುತ್ತದೆ. ಹಾಗಾಗಿ ಚಳಿ ತಾಳುತ್ತದೆ, ಗಿಡ ಗಿಡ್ಡವಾಗಿರುತ್ತದೆ, ಹಣ್ಣು ಸಿಹಿ. ಆದರೆ ಸುಣ್ಣದ ಮಣ್ಣಲ್ಲಿ ಬೇಸಿಗೆಯಲ್ಲೂ ಹಳದಿಯಾಗಿಯೇ ನಿಲ್ಲುತ್ತದೆ. ಮಣ್ಣಿಗೆ ನಾಲ್ಕು ಹನಿ ವಿನೆಗರ್ ಹಾಕಿದಾಗ ನೊರೆ ಬಂದರೆ ಮೂರೆಲೆ ಬೇಡ. ಆಗ ಜಂಬೇರಿ ಅಥವಾ ರಂಗಪುರ ನಿಂಬೆ ವಾಸಿ. ಅವು ಸುಣ್ಣವನ್ನೂ ಬರವನ್ನೂ ತಾಳುತ್ತವೆ. ಜಂಬೇರಿಯ ಮೇಲೆ ಹಣ್ಣು ದಪ್ಪ, ಸಿಪ್ಪೆಯೂ ದಪ್ಪ, ಸಿಹಿ ಸ್ವಲ್ಪ ಕಡಿಮೆ, ಚಳಿಗೆ ಮೆತ್ತಗೆ. ಮೂರೆಲೆಯ ಬೆರಕೆಯಾದ ಕ್ಯಾರಿಜೊ ನಡುವಿನದ್ದು.

ಇನ್ನೊಂದು ಹೊಂದಾಣಿಕೆ ದೋಷವಿದೆ. ಯುರೇಕಾ ಗಜನಿಂಬೆಯನ್ನು ಮೂರೆಲೆ ಮೇಲಾಗಲಿ, ಅದರ ಬೆರಕೆಗಳಾದ ಕ್ಯಾರಿಜೊ, ಸ್ವಿಂಗಲ್ ಮೇಲಾಗಲಿ ಕಟ್ಟಬಾರದು. ಮೊದಲ ಕೆಲವು ವರ್ಷ ಚೆನ್ನಾಗಿಯೇ ಇದ್ದು, ಆಮೇಲೆ ಗಂಟಿನಲ್ಲಿ ಊದಿ ಗಿಡ ಸೊರಗುತ್ತದೆ. ಇನ್ನೊಂದು ಗಜನಿಂಬೆ ತಳಿ ಲಿಸ್ಬನ್‌ಗೆ ಈ ತೊಂದರೆ ಕಾಣುವುದಿಲ್ಲ. ಸಸಿ ತರುವಾಗ ತಳಿಯ ಹೆಸರಿನ ಜೊತೆ ಬೇರುಗಿಡದ ಹೆಸರೂ ಕೇಳಿ. "ಕಸಿ ಗಿಡ" ಅಂತಷ್ಟೇ ಹೇಳಿದರೆ ಅರ್ಧ ಉತ್ತರ.

ತಳಿಯ ಆಯ್ಕೆ ಚಳಿಗಿಂತ ಬೇಸಿಗೆಯನ್ನು ನೋಡಿ ಮಾಡಿ. ಚಕ್ಕೋತ, ಅದನ್ನೇ ಹೋಲುವ ಗ್ರೇಪ್‌ಫ್ರೂಟ್, ಸಿಹಿ ಕಿತ್ತಳೆ ಇವಕ್ಕೆಲ್ಲ ಸಕ್ಕರೆ ಕಟ್ಟಲು ಉದ್ದನೆಯ ಬಿಸಿ ಬೇಕು. ಬೇಸಿಗೆಯೇ ತಂಪಾಗಿದ್ದರೆ ಗಿಡ ಬದುಕುತ್ತದೆ, ಹಣ್ಣಿನ ಹುಳಿ ಹೋಗುವುದಿಲ್ಲ. ಅಂಥ ಕಡೆ ಹುಳಿಗೇ ಬೆಳೆಸುವ ಗಜನಿಂಬೆ, ಮೇಯರ್ ನಿಂಬೆ, ಕ್ಯಾಲಮೊಂಡಿನ್, ಕುಮ್‌ಕ್ವಾಟ್ ಇಡಿ. ಸಿಹಿಯೇ ಬೇಕಂದರೆ ಸತ್ಸುಮ ಕಿತ್ತಳೆ.

ಬೀಜದಿಂದ ಮಾಡಬಹುದೇ ಅಂತ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಸಿಹಿ ಕಿತ್ತಳೆ, ಗ್ರೇಪ್‌ಫ್ರೂಟ್ ಬೀಜದಿಂದ ಹೆಚ್ಚಾಗಿ ತಾಯಿಯದ್ದೇ ಗುಣದ ಸಸಿ ಬರುತ್ತದೆ, ಯಾಕೆಂದರೆ ಒಂದೇ ಬೀಜದಿಂದ ಏಳುವ ಮೊಳಕೆಗಳಲ್ಲಿ ಬಹುಪಾಲು ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಚಕ್ಕೋತ, ಮಾದಳದಲ್ಲಿ ಹಾಗಲ್ಲ. ಆದರೆ ಹೂವಿಗೆ 5ರಿಂದ 8 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು, ಅಲ್ಲಿಯವರೆಗೆ ಮೈತುಂಬ ಮುಳ್ಳು.

ತಾರಸಿಮಲ್ಲಿ

ಕಸಿಕತ್ತಿ ಸರ್, ತಾಳಿಕೆ ಎಷ್ಟು ಅಂತ ಅಂಕಿ ಕೊಡಿ. "ಚಳಿ ತಾಳುತ್ತದೆ" ಅಂದರೆ ಎಷ್ಟು?

ಕಸಿಕತ್ತಿ

ನಿಂತ, ಗಟ್ಟಿಯಾದ ಗಿಡಕ್ಕೆ, ಕೆಲವೇ ಗಂಟೆಯ ಲೆಕ್ಕದಲ್ಲಿ ಅಂದಾಜು: ನಿಂಬೆ, ಮಾದಳ ಸೊನ್ನೆಯ ಕೆಳಗೆ 1–2 ಡಿಗ್ರಿಗೇ ಸುಡುತ್ತವೆ. ಗಜನಿಂಬೆ 2–3. ಸಿಹಿ ಕಿತ್ತಳೆ 4ರ ಆಸುಪಾಸು. ಮೇಯರ್ 5. ಸತ್ಸುಮ, ಕುಮ್‌ಕ್ವಾಟ್ 6–7. ಹೂವು, ಎಳೆ ಚಿಗುರು, ಗೋಲಿ ಗಾತ್ರದ ಕಾಯಿ ಯಾವ ಜಾತಿಯದ್ದಾದರೂ ಸೊನ್ನೆಯ ಸ್ವಲ್ಪ ಕೆಳಗೇ ಹೋಗಿಬಿಡುತ್ತವೆ.

ಈ ಅಂಕಿಯನ್ನು ನಂಬಿ ಕೂರಬೇಡಿ. ಎರಡು ವಾರ ನಿಧಾನ ತಂಪಾಗುತ್ತ ಬಂದರೆ ಗಿಡ ಗಟ್ಟಿಯಾಗುತ್ತದೆ. 25 ಡಿಗ್ರಿಯಲ್ಲಿ ಚಿಗುರುತ್ತಿದ್ದ ಗಿಡಕ್ಕೆ ಒಂದೇ ರಾತ್ರಿ ಹಿಮ ಬಿದ್ದರೆ ಸತ್ಸುಮವೂ ಸುಡುತ್ತದೆ. ಚಳಿಗೆ ಎರಡು ತಿಂಗಳು ಮೊದಲೇ ಸಾರಜನಕ ನಿಲ್ಲಿಸಿ ಅನ್ನುವುದು ಇದಕ್ಕೇ.

ಗುದ್ದಲಿಗೆಳತಿ

ಹಿಮದ ರಾತ್ರಿಯ ಬಗ್ಗೆ ನೆಲದಲ್ಲಿ ನೆಟ್ಟವರಿಗೆ ಎರಡು ಮಾತು ಸೇರಿಸುತ್ತೇನೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯೇ ಅಪಾಯದ್ದು. ಹಗಲು ಮಣ್ಣು ಹೀರಿದ ಬಿಸಿ ರಾತ್ರಿ ಮೇಲೇರಿ ಆಕಾಶಕ್ಕೆ ಹೋಗುತ್ತದೆ. ಅದನ್ನು ಗಿಡದ ಸುತ್ತ ಹಿಡಿದಿಡಬೇಕು. ಹಾಗಾಗಿ ಬುಡದ ಒಣಹುಲ್ಲಿನ ಹೊದಿಕೆಯನ್ನು ಹಿಮದ ಮುನ್ಸೂಚನೆ ಇದ್ದಾಗ ಪಕ್ಕಕ್ಕೆ ಸರಿಸಿ. ಹೊದಿಕೆಯಿದ್ದರೆ ಮಣ್ಣಿನ ಬಿಸಿ ಮೇಲಕ್ಕೆ ಬರುವುದಿಲ್ಲ. ಹಿಂದಿನ ದಿನ ಬೆಳಿಗ್ಗೆ ಪಾತಿಗೆ ನೀರು ಕೊಡಿ. ಒದ್ದೆ ಮಣ್ಣು ಒಣಮಣ್ಣಿಗಿಂತ ಹೆಚ್ಚು ಬಿಸಿ ಹಿಡಿಯುತ್ತದೆ.

ಬಟ್ಟೆಯನ್ನು ಗಿಡದ ತಲೆಗೆ ಸುತ್ತಿ ಕಾಂಡಕ್ಕೆ ಕಟ್ಟುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಹಾಗೆ ಕಟ್ಟಿದರೆ ಮಣ್ಣಿನ ಬಿಸಿ ಹೊರಗೇ ಉಳಿಯುತ್ತದೆ. ನಾಲ್ಕು ಕೋಲು ನೆಟ್ಟು, ಎಲೆಗೆ ತಾಗದಂತೆ ಬಟ್ಟೆ ಹೊದಿಸಿ ಅಂಚು ನೆಲ ಮುಟ್ಟಬೇಕು, ಕಲ್ಲು ಹೇರಬೇಕು. ಪ್ಲಾಸ್ಟಿಕ್ ಆದರೆ ತಾಗಿದ ಎಲೆಯೆಲ್ಲ ಸುಡುತ್ತದೆ. ಒಳಗೆ ಹಳೆಯ ತಂತಿಯ ಬಲ್ಬು 60 ವ್ಯಾಟ್‌ನದ್ದು ಒಂದು, ಬಟ್ಟೆಗೂ ಎಲೆಗೂ ತಾಗದಂತೆ. ಎಲ್ಇಡಿ ಹಾಕಿದರೆ ಬೆಳಕಷ್ಟೇ. ಬೆಳಿಗ್ಗೆ ಬಿಸಿಲು ಬಂದೊಡನೆ ತೆಗೆಯಿರಿ.

ಹಿಮ ಹೊಡೆದ ಮೇಲೆ ಕತ್ತರಿ ಹಿಡಿದು ಓಡಬೇಡಿ. ಸತ್ತಂತೆ ಕಾಣುವ ಕೊಂಬೆ ಎಷ್ಟೋ ಸಲ ಬದುಕಿರುತ್ತದೆ. ಕಂದಿದ ಎಲೆ ತಾನಾಗಿ ಉದುರಿದರೆ ಆ ಕೊಂಬೆಗೆ ಜೀವವಿದೆ, ಎಲೆ ಉದುರಿಸಲೂ ಜೀವ ಬೇಕಲ್ಲ. ಒಣಗಿದ ಎಲೆ ಅಂಟಿಕೊಂಡೇ ಇದ್ದರೆ ಅಲ್ಲಿ ಕಟ್ಟಿಗೆ ಸತ್ತಿದೆ. ಹೊಸ ಚಿಗುರು ಬಂದು ಗಟ್ಟಿಯಾಗುವವರೆಗೂ ಕಾದು, ಜೀವವಿರುವ ಗಡಿ ತಿಳಿದ ಮೇಲೆ ಸವರಿ. ಬೆತ್ತಲಾದ ಕಾಂಡಕ್ಕೆ ನೀರಲ್ಲಿ ಕರಗುವ ಬಿಳಿ ಒಳಗೋಡೆ ಬಣ್ಣವನ್ನು ಸಮಪಾಲು ನೀರಿಗೆ ಬೆರೆಸಿ ಬಳಿಯಿರಿ, ಇಲ್ಲದಿದ್ದರೆ ಬೇಸಿಗೆಯ ಬಿಸಿಲಿಗೆ ತೊಗಟೆ ಬಿರಿಯುತ್ತದೆ.

ನೆರಳುಬಿಸಿಲು

ಹಳದಿ ಕಂಡರೆ ಎಲ್ಲವೂ ಚಳಿಯೇ ಅಂದುಕೊಂಡರೆ ಕಷ್ಟ. ಬೇಸಿಗೆಯಲ್ಲೂ ಉಳಿದ ಹಳದಿಯನ್ನು ಬಿಡಿಸುವುದು ಹೇಗೆ?

ಬೇರುಬಲ್ಲವ

ಮೊದಲು ಹಳೆ ಎಲೆಯೋ ಹೊಸ ಎಲೆಯೋ ನೋಡಿ. ಸಾರಜನಕ, ಮೆಗ್ನೀಶಿಯಂ ಇವನ್ನು ಗಿಡ ಹಳೆ ಎಲೆಯಿಂದ ಎತ್ತಿ ಚಿಗುರಿಗೆ ಸಾಗಿಸಬಲ್ಲದು. ಕೊರತೆಯಾದರೆ ಹಳೆ ಎಲೆ ಬಡವಾಗುತ್ತದೆ. ಕಬ್ಬಿಣ, ಸತು, ಮ್ಯಾಂಗನೀಸ್ ಒಮ್ಮೆ ಕೂತಲ್ಲಿಂದ ಸುಲಭವಾಗಿ ಏಳುವುದಿಲ್ಲ. ಕೊರತೆಯಾದರೆ ಹೊಸ ಎಲೆಗೆ ಸಿಗುವುದಿಲ್ಲ.

ಹಳೆ ಎಲೆ ಒಂದೇ ಸಮನೆ ಬಿಳಿಚಿದ್ದರೆ ಸಾರಜನಕ. ಹಳೆ ಎಲೆಯ ಅಂಚು ಹಳದಿಯಾಗಿ, ತೊಟ್ಟಿನ ಕಡೆ ಹಸಿರು ತ್ರಿಕೋನ ಉಳಿದರೆ ಮೆಗ್ನೀಶಿಯಂ. ಎಪ್ಸಮ್ ಉಪ್ಪಿಗೆ ಕೆಲಸವಿರುವುದು ಇಲ್ಲಿ ಮಾತ್ರ, ಅದೂ ಲೀಟರಿಗೆ 5–10 ಗ್ರಾಂ ಎಲೆಗೆ ಸಿಂಪಡಿಸಿದರೆ. ಹೊಸ ಎಲೆ ಗಾತ್ರದಲ್ಲಿ ಸರಿಯಿದ್ದು, ಹಳದಿ ಮೈಮೇಲೆ ಸೂಜಿಯಲ್ಲಿ ಗೆರೆ ಎಳೆದ ಹಾಗೆ ಹಸಿರು ನರದ ಬಲೆ ಕಂಡರೆ ಕಬ್ಬಿಣ. ಎಲೆಯೇ ಸಣ್ಣದಾಗಿ, ಕಿರಿದಾಗಿ, ಗೆಣ್ಣು ಹತ್ತಿರ ಹತ್ತಿರ ಬಂದು, ನರಗಳ ನಡುವೆ ಹೊಳೆಯುವ ಹಳದಿ ತೇಪೆ ಇದ್ದರೆ ಸತು. ನರದ ಪಕ್ಕ ಅಗಲ ಹಸಿರು ಪಟ್ಟಿ ಉಳಿದು ನಡುವೆ ತಿಳಿಹಸಿರಾದರೆ ಮ್ಯಾಂಗನೀಸ್. ಸತುವಿಗೆ ಮದ್ದು ಎಲೆಗೆ ಸಿಂಪಡಣೆ: ಲೀಟರಿಗೆ ಸತುವಿನ ಸಲ್ಫೇಟ್ 5 ಗ್ರಾಂ, ಅದರ ಹುಳಿ ಮುರಿಯಲು ಅರಳಿದ ಸುಣ್ಣ 2.5 ಗ್ರಾಂ, ಸೋಸಿ, ಚಿಗುರು ಮುಕ್ಕಾಲು ಬಲಿತಾಗ. ಮಣ್ಣಿಗೆ ಹಾಕಿದರೆ ಅಲ್ಲೇ ಕಟ್ಟಿಕೊಂಡುಬಿಡುತ್ತದೆ.

ಕಬ್ಬಿಣದ ಚೀಲೇಟಿನ ಪೊಟ್ಟಣದ ಮೇಲೆ ಯಾವ ಚೀಲೇಟ್ ಅಂತ ಓದಿ. ಇಡಿಟಿಎ ಅನ್ನುವ ಬಗೆ ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದರೆ ಎರಡೂ ಅಲ್ಲ) 6.5ರ ಒಳಗೆ ಮಾತ್ರ, ಡಿಟಿಪಿಎ 7–7.5ರವರೆಗೆ, ಇಡಿಡಿಎಚ್ಎ ಸುಣ್ಣದ ಮಣ್ಣಲ್ಲೂ ನಿಲ್ಲುತ್ತದೆ. ಪಿಎಚ್ 8ರ ಮಣ್ಣಿಗೆ ಇಡಿಟಿಎ ಹಾಕುವುದು ಹಣ ತೊಳೆದ ಹಾಗೆ.

ನೆರಳುಬಿಸಿಲು

ಗಡಸು ನೀರಿಗೆ ವಿನೆಗರ್ ಬೆರೆಸಿದರೆ?

ಬೇರುಬಲ್ಲವ

5 ಶೇಕಡಾ ವಿನೆಗರ್ 1 ಮಿ.ಲೀ. ಒಂದು ಲೀಟರಿನಲ್ಲಿ ಸುಮಾರು 40 ಮಿ.ಗ್ರಾಂ. ಕ್ಷಾರತೆ ಮುರಿಯುತ್ತದೆ, ಲೆಕ್ಕ ಸರಿಯೇ. ಆದರೆ ಮಣ್ಣಿನ ಸೂಕ್ಷ್ಮಜೀವಿಗಳು ಆ ಹುಳಿಯನ್ನು ತಿಂದ ಮೇಲೆ ಕ್ಷಾರತೆ ಕೊಡುವ ಬೈಕಾರ್ಬೊನೇಟ್ ಮತ್ತೆ ಹುಟ್ಟುತ್ತದೆ. ಸಿಟ್ರಿಕ್ ಆಮ್ಲದ ಕತೆಯೂ ಅದೇ. ನಿಲ್ಲುವ ಪರಿಹಾರ ಅಂದರೆ ಮಳೆನೀರು, ಇಲ್ಲವೇ ಬೆಚ್ಚಗಿನ ಕಾಲದಲ್ಲಿ ಅಮೋನಿಯಂ ರೂಪದ ಸಾರಜನಕ. ಅದು ಬೇರಿನ ಸುತ್ತ ತಾನೇ ಹುಳಿ ಮಾಡುತ್ತದೆ.

ಕಸಿಕತ್ತಿ

ಇನ್ನೊಂದು ಹಳದಿಯಿದೆ, ಅದಕ್ಕೆ ಗೊಬ್ಬರವಿಲ್ಲ. ಗ್ರೀನಿಂಗ್ ರೋಗ. ಮೇಲೆ ಹೇಳಿದ ಕೊರತೆಗಳೆಲ್ಲ ನಡುನರದ ಎರಡೂ ಕಡೆ ಸಮನಾಗಿರುತ್ತವೆ, ಕನ್ನಡಿಯಲ್ಲಿ ನೋಡಿದ ಹಾಗೆ. ಗ್ರೀನಿಂಗ್‌ನಲ್ಲಿ ಎಡಗಡೆಯ ತೇಪೆಗೂ ಬಲಗಡೆಯ ತೇಪೆಗೂ ಸಂಬಂಧವಿರುವುದಿಲ್ಲ. ಎಲೆಯ ಮೇಲೆ ಪೆನ್ನಿನಿಂದ ಅಲ್ಲೊಂದು ಇಲ್ಲೊಂದು ವೃತ್ತ ಎಳೆದು, ನಡುನರದ ಆಚೆ ಅದೇ ಜಾಗದಲ್ಲಿ ಇನ್ನೊಂದು ಎಳೆದು ಹೋಲಿಸಿ. ಜೊತೆಗೆ ಒಂದೇ ಕೊಂಬೆ ಹಳದಿಯಾಗುವುದು, ಹಣ್ಣು ಸೊಟ್ಟಗಾಗಿ ತೊಟ್ಟಿನ ಎದುರಿನ ತುದಿ ಹಸಿರೇ ಉಳಿಯುವುದು, ಒಳಗೆ ಬೀಜ ಕಪ್ಪಾಗಿ ಸೊರಗುವುದು ಇವೆಲ್ಲ ಸೇರಿದರೆ ಅನುಮಾನ ಗಟ್ಟಿ. ಹರಡುವುದು ಸಿಲ್ಲಿಡ್ ಎಂಬ ಸಣ್ಣ ಕೀಟ. ಎಳೆ ಚಿಗುರಿನ ಮೇಲೆ ಬಾಲ ಮೇಲೆತ್ತಿ ಓರೆಯಾಗಿ ಕೂರುತ್ತದೆ, ಮರಿಗಳು ಬಿಳಿ ಮೇಣದ ಎಳೆ ಬಿಡುತ್ತವೆ. ವಾಸಿಯಾಗದ ರೋಗ. ಕೃಷಿ ಇಲಾಖೆಯವರಿಗೆ ತೋರಿಸಿ ಖಚಿತವಾದರೆ ಗಿಡ ತೆಗೆಯುವುದೇ ದಾರಿ. ಆ ಗಿಡದ ಕಡ್ಡಿಯನ್ನು ಕಸಿಗೆ ಯಾರಿಗೂ ಕೊಡಬೇಡಿ.

ತಾರಸಿಮಲ್ಲಿ

ಎಲೆಯ ಮೇಲೆ ಬೆಳ್ಳಿ ರಂಗೋಲಿ ಬರುತ್ತದಲ್ಲ, ಎಲೆ ಮುರುಟುತ್ತದೆ. ಆ ಎಲೆಗಳನ್ನು ಕಿತ್ತು ಸುಡಬೇಕು ಅಂತಾರೆ.

ಕುಂಡತೋಟ

ಕೀಳಬೇಡಿ. ರಂಗೋಲಿ ಹುಳು ಎಲೆಯ ಸಿಪ್ಪೆಯ ಕೆಳಗಷ್ಟೇ ಮೇಯುತ್ತದೆ, ಉಳಿದ ಹಸಿರು ಕೆಲಸ ಮಾಡುತ್ತಲೇ ಇರುತ್ತದೆ. ಕಿತ್ತರೆ ಗಿಡ ಹೊಸ ಚಿಗುರು ಬಿಡುತ್ತದೆ, ಹುಳುವಿಗೆ ಬೇಕಾದದ್ದೇ ಅದು. ಮೊಟ್ಟೆಯಿಡುವುದು ಎಳೆ ಎಲೆಗೆ ಮಾತ್ರ, ಬಲಿತ ಎಲೆಗೆ ಬರುವುದಿಲ್ಲ. ದೊಡ್ಡ ಗಿಡವಾದರೆ ಸುಮ್ಮನಿರಿ. ಸಣ್ಣ ಗಿಡವಾದರೆ ಚಿಗುರು 1 ಸೆಂ.ಮೀ. ಬಂದಾಗಿನಿಂದ ವಾರಕ್ಕೊಮ್ಮೆ, ಎಲೆ ಗಟ್ಟಿಯಾಗುವ ತನಕ, ತೋಟಗಾರಿಕೆ ಎಣ್ಣೆ (ಗಿಡಕ್ಕೆ ಸಿಂಪಡಿಸುವ ಖನಿಜ ಎಣ್ಣೆ) ಲೀಟರಿಗೆ 5 ಮಿ.ಲೀ. ಎಲೆಯ ಎರಡೂ ಮೈಗೆ ಸಂಜೆ ಹೊತ್ತು. ಬೇವಿನೆಣ್ಣೆಯಾದರೆ 3–5 ಮಿ.ಲೀ. ಜೊತೆ 1 ಮಿ.ಲೀ. ದ್ರವ ಸೋಪು. ಒಳಗೆ ಸೇರಿದ ಹುಳುವಿಗೆ ಇದು ತಲುಪುವುದಿಲ್ಲ, ಮೊಟ್ಟೆಯಿಡದಂತೆ ತಡೆಯುತ್ತದೆ ಅಷ್ಟೇ. 32 ಡಿಗ್ರಿ ದಾಟಿದ ದಿನ, ಗಿಡ ಬಾಡಿರುವಾಗ, ಗಂಧಕ ಸಿಂಪಡಿಸಿದ ತಿಂಗಳೊಳಗೆ ಎಣ್ಣೆ ಹಾಕಿದರೆ ಎಲೆ ಸುಡುತ್ತದೆ.

ಕಾಂಡದ ಮೇಲೆ ಇರುವೆ ಸಾಲು ಕಂಡರೆ ಮೇಲೆ ರಸ ಹೀರುವ ಹಿಟ್ಟು ತಿಗಣೆಯೋ, ಚಿಪ್ಪಿನಂತೆ ಅಂಟಿಕೊಳ್ಳುವ ಶಲ್ಕ ಕೀಟವೋ ಇದೆ ಅಂತಲೇ ತಿಳಿಯಿರಿ. ಇರುವೆ ಅವುಗಳ ಕಾವಲುಗಾರ, ಅವನ್ನು ತಿನ್ನುವ ಗುಲಗಂಜಿ ಹುಳುಗಳನ್ನು ಹತ್ತಿರ ಬಿಡುವುದಿಲ್ಲ. ಕಾಂಡಕ್ಕೆ ಮೊದಲು ಟೇಪು ಸುತ್ತಿ ಅದರ ಮೇಲೆ ಅಂಟು ಬಳಿಯಿರಿ, ತೊಗಟೆಗೆ ನೇರ ಬಳಿಯಬೇಡಿ. ಗೋಡೆಗೆ ತಾಗುವ ಒಂದೇ ಒಂದು ಕೊಂಬೆ ಉಳಿದಿದ್ದರೂ ಇರುವೆ ಆ ದಾರಿ ಹಿಡಿಯುತ್ತದೆ. ಶಲ್ಕವನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಆಮೇಲೆ ಎಣ್ಣೆ. ಎಲೆ ಮೇಲಿನ ಮಸಿ ಬೇರೆ ರೋಗವಲ್ಲ, ಅವು ಬಿಡುವ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು.

ಗುದ್ದಲಿಗೆಳತಿ

ಹಕ್ಕಿ ಹಿಕ್ಕೆಯಂತೆ ಕಾಣುವ ಹುಳು ಕೂತಿದ್ದರೆ ಅದು ನಿಂಬೆ ಚಿಟ್ಟೆಯ ಮರಿ, ಬೆಳೆದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯಿಂದ ಕೊಂಬಿನಂಥದ್ದು ಚಾಚಿ ವಾಸನೆ ಬಿಡುತ್ತದೆ. ಸಣ್ಣ ಗಿಡವನ್ನು ಎರಡೇ ದಿನದಲ್ಲಿ ಬೋಳು ಮಾಡೀತು. ಕೈಯಲ್ಲಿ ಆರಿಸಿದರೆ ಮುಗಿಯಿತು, ಔಷಧಿ ಬೇಡ.

ಹಳದಿಎಲೆ

ಗೊಬ್ಬರದ ಲೆಕ್ಕ? ಮಣ್ಣು ಬೆಚ್ಚಗಾದ ಮೇಲೆ ಎಷ್ಟು, ಯಾವಾಗ?

ಕುಂಡತೋಟ

ಸಾರಜನಕ, ರಂಜಕ, ಪೊಟ್ಯಾಶ್ ಸುಮಾರು 5:1:3 ಇರಬೇಕು. ಹೂವಿಗೆ ಅಂತ ರಂಜಕ ಸುರಿಯುವುದು ಈ ಜಾತಿಗೆ ತಿರುಗುಬಾಣ, ಹೆಚ್ಚಾದ ರಂಜಕ ಸತು, ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಕುಂಡಕ್ಕೆ ಕರಗುವ ಗೊಬ್ಬರವನ್ನು ತೆಳ್ಳಗೆ ಆಗಾಗ್ಗೆ ಕೊಡಿ. ಮೂರೂ ಸಮನಾಗಿರುವ 19:19:19 ಮಾತ್ರ ಸಿಕ್ಕರೆ, ಪೂರ್ತಿ ಆ ಪ್ರಮಾಣ ಬಾರದಿದ್ದರೂ, ಲೀಟರಿಗೆ ಅರ್ಧ ಗ್ರಾಂ ಒಂದು ವಾರ, ಮುಂದಿನ ಎರಡು ವಾರ ಕ್ಯಾಲ್ಸಿಯಂ ನೈಟ್ರೇಟ್ 0.6 ಗ್ರಾಂ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಗಟ್ಟಿಯಾಗಿ ಕಲಸಬೇಡಿ, ಕ್ಯಾಲ್ಸಿಯಂ ರಂಜಕದ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಹತ್ತು ಪಾಲು ಸುರಿದರೆ ಒಂದು ಪಾಲು ತಳದಿಂದ ಹರಿದುಹೋಗಬೇಕು, ಉಪ್ಪು ಕಟ್ಟುವುದಿಲ್ಲ.

ಗುದ್ದಲಿಗೆಳತಿ

ನೆಲದ ಗಿಡಕ್ಕೆ ಮೊದಲ ವರ್ಷ ಒಟ್ಟು ಸಾರಜನಕ 45 ಗ್ರಾಂ, ಅಂದರೆ ಯೂರಿಯಾ ಲೆಕ್ಕದಲ್ಲಿ 100 ಗ್ರಾಂ. ಒಂದೇ ಸಲ ಅಲ್ಲ, ಚಳಿ ಕಳೆಯುವಾಗ, ಕಾಯಿ ಕಚ್ಚಿದಾಗ, ನಡುಬೇಸಿಗೆಯಲ್ಲಿ ಅಂತ ಮೂರು ಕಂತು. ಎರಡನೇ ವರ್ಷ ಇಮ್ಮಡಿ. ವರ್ಷ ವರ್ಷ ಏರಿಸುತ್ತ ಪೂರ್ತಿ ಬೆಳೆದ ಮರಕ್ಕೆ ಸಾರಜನಕ 450 ಗ್ರಾಂ ಮೀರಬೇಡಿ. ಬುಡಕ್ಕೆ ಅಲ್ಲ, ಕೊಂಬೆ ಚಾಚಿದ ಅಂಚಿನ ಕೆಳಗೆ ಹರಡಿ ನೀರು ಕೊಡಿ. ಹೀರುವ ಬೇರು ಮೇಲಿನ ಎರಡಡಿಯೊಳಗೇ ಇರುವುದರಿಂದ ಅಲ್ಲಿ ಅಗೆಯುವುದೂ ಬೇಡ. ಸಾರಜನಕ ಹೆಚ್ಚಾದರೆ ಸಿಪ್ಪೆ ದಪ್ಪ, ರಸ ಕಡಿಮೆ, ಬಣ್ಣ ತಡ.

ನೆರಳುಬಿಸಿಲು

ಕೊನೆಯದಾಗಿ ಕಾಯಿ ಉದುರುವುದು. ಗಿಡ ತುಂಬ ಹೂವಾಗಿ ಬಟಾಣಿ ಗಾತ್ರದ ಕಾಯೆಲ್ಲ ನೆಲಕ್ಕೆ.

ಬೇರುಬಲ್ಲವ

ಅದು ಗಿಡದ ಲೆಕ್ಕಾಚಾರ. ನೂರು ಹೂವಿನಲ್ಲಿ ಒಂದೆರಡು ಹಣ್ಣಾದರೆ ಸಾಕಷ್ಟಾಯಿತು. ಬೇಸಿಗೆ ಶುರುವಿನಲ್ಲಿ ಇನ್ನೊಂದು ಸುತ್ತು ಉದುರಿಸುತ್ತದೆ. ಗೋಲಿಗಿಂತ ದೊಡ್ಡ ಕಾಯಿ ಉದುರಿದರೆ ಮಾತ್ರ ನೀರಿನ ಏರುಪೇರು ಹುಡುಕಿ. ಬಲಿತ ಹಣ್ಣು ಸೀಳುವುದಕ್ಕೂ ಅದೇ ಕಾರಣ: ಒಣಗಿಸಿ ಒಮ್ಮೆಲೇ ಕುಡಿಸಿದರೆ ತಿರುಳು ಹಿಗ್ಗುತ್ತದೆ, ಸಿಪ್ಪೆ ಹಿಗ್ಗುವುದಿಲ್ಲ.

ಬಣ್ಣ ನೋಡಿ ಕೀಳಬೇಡಿ. ಕಿತ್ತಳೆ ಬಣ್ಣ ತರುವುದು ತಂಪು ರಾತ್ರಿ, ಸಿಹಿ ತರುವುದು ಕಾಲ. ಒಂದು ಹಣ್ಣು ಕಿತ್ತು ರುಚಿ ನೋಡಿ, ಹುಳಿಯಿದ್ದರೆ ಮೂರು ವಾರ ಬಿಟ್ಟು ಇನ್ನೊಂದು. ಮಾವಿನಂತೆ ಮನೆಯಲ್ಲಿಟ್ಟರೆ ಹಣ್ಣಾಗುವ ಜಾತಿಯಲ್ಲ ಇದು, ಕಿತ್ತ ದಿನದ ಸಿಹಿಯೇ ಕೊನೆ. ಕಿತ್ತಳೆಯನ್ನು ಎಳೆದರೆ ತೊಟ್ಟಿನ ಬುಡದ ಸಿಪ್ಪೆ ಹರಿದು ಅಲ್ಲಿಂದಲೇ ಕೊಳೆಯುತ್ತದೆ, ಗುಂಡಿಯಷ್ಟು ತೊಟ್ಟು ಬಿಟ್ಟು ಕತ್ತರಿಸಿ. ಸತ್ಸುಮ ಮಾತ್ರ ಮರದಲ್ಲಿ ಕಾಯಿಸಬೇಡಿ, ಸಿಪ್ಪೆ ಊದಿ ಒಳಗೆ ಒಣಗುತ್ತದೆ.

ಹಳದಿಎಲೆ

ತಟ್ಟೆ ತೆಗೆದು, ಕುಂಡ ಎತ್ತಿಟ್ಟು ಐದು ವಾರ. ಬೆಳಗಿನ ಮಣ್ಣು 14 ಡಿಗ್ರಿ. ಉಳಿದ ಹಳದಿ ಎಲೆಗಳಲ್ಲಿ ನಾಲ್ಕು ಹಸಿರಾಗಿವೆ. ಬೋಳಾದ ಮಗ್ಗುಲಲ್ಲಿ ಎಲೆ ಬಿದ್ದ ಗುರುತಿನ ಮೇಲೆ ಅಕ್ಕಿಕಾಳಿನಂಥ ಮೊಗ್ಗು, ತುದಿ ನೇರಳೆ. ಇದು ಹೂವೇ? ಈಗ ಗೊಬ್ಬರ ಶುರು ಮಾಡಲೇ?

ಕುಂಡತೋಟ

ಗಜನಿಂಬೆಯ ಎಳೆ ಚಿಗುರೂ ನೇರಳೆ, ಮೊಗ್ಗೂ ನೇರಳೆ. ಒಂದು ವಾರ ಬಿಡಿ: ಚೂಪಾಗಿ ಬಿಚ್ಚಿಕೊಂಡರೆ ಎಲೆ, ಗುಂಡಗಾದರೆ ಹೂವು. ಮೊದಲು ಮಿಶ್ರಣದ ಮೂರು ಪಟ್ಟು ಉಗುರು ಬೆಚ್ಚಗಿನ ಸಾದಾ ನೀರು ಹಾಯಿಸಿ ಆ ಎಪ್ಸಮ್ ಉಪ್ಪು, ಚೀಲೇಟು ತೊಳೆದು ಕಳಿಸಿ. ಮೇಲ್ಮಣ್ಣು ಒಣಗಿದ ಮೇಲೆ ಮೊದಲ ತೆಳು ಗೊಬ್ಬರ. ಚಿಗುರು ಒಂದಂಗುಲ ಬಂದಾಗ 30ರ ಕುಂಡಕ್ಕೆ ಇಳಿಸಿ, ಜಲ್ಲಿ ಆಚೆ ಹಾಕಿ.

ಕಸಿಕತ್ತಿ

ಕಾಯಿ ಕಚ್ಚಿದರೆ ಈ ವರ್ಷ ಮೂರು ಉಳಿಸಿ, ಮಿಕ್ಕವನ್ನು ಗೋಲಿಯಷ್ಟಾದಾಗ ಚಿವುಟಿ. ಎಲೆ ಕಳೆದುಕೊಂಡ ಮಗ್ಗುಲಿನದ್ದು ಮೊದಲು.